ತಿರುಗಿ ಹೋಗುವ ದಾರಿ

ನಮ್ಮ ಸಭೆಯಲ್ಲಿ ಈ ವರ್ಷ ದೃಢೀಕರಣಕ್ಕೆ ನಿಂತಿರುವ ಹನ್ನೊಂದು ಮಕ್ಕಳಿಗೆ,



ಗರಿಗಳ ಭಾನುವಾರಕ್ಕೆ ಇನ್ನು ಮೂರೇ ವಾರ. ಅಂದು ನೀವು ದೇವಾಲಯದ ಮುಂದಿನ ಸಾಲಿನಲ್ಲಿ ಕೂರುತ್ತೀರಿ. ಬಿಷಪ್ ಅಯ್ಯನವರು ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಆಮೇಲೆ ಮೊದಲ ಸಲ ದೊಡ್ಡವರ ಜತೆ ಮೊಣಕಾಲೂರಿ ರೊಟ್ಟಿ ಮತ್ತು ದ್ರಾಕ್ಷಾರಸ ತೆಗೆದುಕೊಳ್ಳುತ್ತೀರಿ. ಅದಕ್ಕೆ ಬೇಕಾದ ಪಾಠಗಳೆಲ್ಲ ಮುಗಿದಿವೆ. ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ, ಎಲ್ಲವನ್ನೂ ತಡವರಿಸದೆ ಹೇಳುತ್ತೀರಿ. ಹಿರಿಯರು ಪ್ರಶ್ನೆ ಕೇಳಿದರೆ ನೀವು ಸೋಲುವುದಿಲ್ಲ ಎಂದು ನನಗೆ ಗೊತ್ತು.

ಆದರೆ ಹೋದ ತಿಂಗಳು ನಿಮ್ಮಲ್ಲೊಬ್ಬಳು ಕೇಳಿದ ಪ್ರಶ್ನೆಗೆ ನಾನು ಸೋತೆ. ‘ಟೀಚರ್, ಒಳ್ಳೆ ಕ್ರೈಸ್ತರು ಅಂದ್ರ ತಪ್ಪು ಮಾಡದವರೇನ್ರಿ?’ ಎಂದು ಅವಳು ಕೇಳಿದಳು. ಎಲ್ಲರೂ ಪಾಪಿಗಳು, ಯೇಸು ಸ್ವಾಮಿ ಕ್ಷಮಿಸುತ್ತಾನೆ ಎಂದು ಪುಸ್ತಕದ ಉತ್ತರ ಕೊಟ್ಟು ಮುಂದಿನ ಪಾಠಕ್ಕೆ ಹೋದೆ. ಉತ್ತರ ಸುಳ್ಳಲ್ಲ. ಆದರೆ ಅದನ್ನು ಹಿಡಿದುಕೊಂಡು ಅವಳು ಸೋಮವಾರ ಬೆಳಿಗ್ಗೆ ಏನು ಮಾಡಬೇಕು? ತಪ್ಪಾಯಿತು, ದೇವರು ಕ್ಷಮಿಸಿದ, ಆಮೇಲೆ? ಆ ‘ಆಮೇಲೆ’ಯನ್ನು ನಾನು ನಿಮಗೆ ಕಲಿಸಲೇ ಇಲ್ಲ. ಅದಕ್ಕೇ ಈ ಪತ್ರ. ನಿಮ್ಮ ಅಪ್ಪ ಅಮ್ಮಂದಿರೂ ಸಭೆಯ ಹಿರಿಯರೂ ಓದಲಿ ಎಂದು ಸಭಾ ಪತ್ರಿಕೆಯಲ್ಲಿ ಬಹಿರಂಗವಾಗಿಯೇ ಹಾಕಿಸುತ್ತಿದ್ದೇನೆ. ಇದರಲ್ಲಿ ನನ್ನದೊಂದು ತಪ್ಪೂ ಇದೆ. ಅದನ್ನೂ ಎಲ್ಲರೂ ಓದಲಿ.

ನಮ್ಮ ಭಾಷೆಯ ಒಂದು ಮಾತಿನಿಂದ ಶುರು ಮಾಡುತ್ತೇನೆ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನವರು ಮಾಡಿದ ಅನುವಾದದಿಂದ 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡಕ್ಕೆ ಬಂತು. ಆಮೇಲೆ ಬಂದವರು ಅದನ್ನು ಮತ್ತೆ ಮತ್ತೆ ತಿದ್ದಿದರು. ನಮ್ಮ ಮನೆಗಳಲ್ಲಿರುವ ಹಳೆಯ ಸತ್ಯವೇದ ತೆಗೆದು ನೋಡಿ. ಸ್ನಾನಿಕನಾದ ಯೋಹಾನನೂ ಯೇಸು ಸ್ವಾಮಿಯೂ ಜನರಿಗೆ ಮೊಟ್ಟಮೊದಲು ಹೇಳುವ ಮಾತು ಯಾವುದು? ಪಶ್ಚಾತ್ತಾಪಪಡಿ ಎಂದು ಸುಲಭವಾಗಿ ಹಾಕಬಹುದಿತ್ತು. ನಮ್ಮವರು ಹಾಕಿದ್ದು ‘ತಿರುಗಿಕೊಳ್ಳಿರಿ’ ಎಂದು. ಪಶ್ಚಾತ್ತಾಪ ಎದೆಯೊಳಗೆ ನಡೆಯುವಂಥದ್ದು. ಹಾಸಿಗೆಯಲ್ಲಿ ಮಲಗಿಕೊಂಡೇ ಪಡಬಹುದು. ತಿರುಗಿಕೊಳ್ಳಬೇಕಾದರೆ ಕಾಲು ಬೇಕು. ಇಬ್ರಿಯ ಭಾಷೆಯಲ್ಲೂ ಪ್ರವಾದಿಗಳು ಇದಕ್ಕೆ ಬಳಸುವ ‘ಶೂವ್’ ಎಂಬ ಶಬ್ದ ದಾರಿಯಲ್ಲಿ ಹೋಗುವವನು ಹಿಂದಿರುಗುವುದಕ್ಕೆ ಬಳಸುವ ಸಾದಾ ಶಬ್ದವೇ. 1517ರಲ್ಲಿ ಮಾರ್ಟಿನ್ ಲೂಥರ್ ವಿಟೆನ್‌ಬರ್ಗಿನಲ್ಲಿ ಮುಂದಿಟ್ಟ 95 ವಾದಗಳಲ್ಲಿ ಮೊದಲನೆಯದೂ ಇದನ್ನೇ ಕುರಿತದ್ದು: ವಿಶ್ವಾಸಿಯ ತಿರುಗುವಿಕೆ ಒಂದು ದಿನದ ವಿಧಿಯಲ್ಲ, ಬದುಕಿಡೀ ನಡೆಯುವಂಥದ್ದು. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನವರು ನಮ್ಮ ಅಜ್ಜ ಮುತ್ತಜ್ಜಂದಿರಿಗೆ ತಂದುಕೊಟ್ಟ ಬೋಧನೆಯ ಬೇರೂ ಅಲ್ಲೇ ಇದೆ.

ನಿಮ್ಮ ಅಡುಗೆಮನೆಯಲ್ಲಿ ಹೀಗೆ ತಿರುಗಿ ಕೊಡುವುದನ್ನು ನೀವು ದಿನಾ ನೋಡಿದ್ದೀರಿ. ಪಕ್ಕದ ಮನೆಯವರು ಪಾತ್ರೆಯಲ್ಲಿ ಏನಾದರೂ ಕೊಟ್ಟು ಕಳಿಸಿದರೆ ಅಮ್ಮ ಆ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕುತ್ತಾಳೆ. ಯಾಕೆ ಎಂದು ಕೇಳಿದರೆ ‘ಖಾಲಿ ಕೊಡಬಾರದು’ ಅನ್ನುತ್ತಾಳೆ, ಅಷ್ಟೆ. ಮೋಶೆಯ ಧರ್ಮಶಾಸ್ತ್ರದಲ್ಲೂ ಇಂಥದೇ ಒಂದು ಲೆಕ್ಕವಿದೆ. ನೆರೆಯವನಿಗೆ ಮೋಸ ಮಾಡಿದವನು ತಾನಾಗಿ ಒಪ್ಪಿಕೊಂಡರೆ ತೆಗೆದುಕೊಂಡದ್ದನ್ನು ಪೂರ್ತಿ ಹಿಂದಿರುಗಿಸಿ, ಅದರ ಮೇಲೆ ಐದರಲ್ಲೊಂದು ಪಾಲು ಕೂಡಿಸಿ ಕೊಡಬೇಕು. ನೂರು ತೆಗೆದುಕೊಂಡಿದ್ದರೆ ನೂರಿಪ್ಪತ್ತು. ಯಾಜಕಕಾಂಡ ಇನ್ನೊಂದು ಮಾತು ಸೇರಿಸುತ್ತದೆ: ಪ್ರಾಯಶ್ಚಿತ್ತದ ಬಲಿ ಅರ್ಪಿಸುವ ದಿನವೇ ಅದನ್ನು ಅದರ ಒಡೆಯನಿಗೆ ಮುಟ್ಟಿಸಬೇಕು. ಅವನ ಸಾಲ ಬಾಕಿ ಇಟ್ಟು ದೇವರ ಲೆಕ್ಕವೊಂದನ್ನೇ ಚುಕ್ತಾ ಮಾಡಲು ಬರುವುದಿಲ್ಲ.

ಈಗ ಜಕ್ಕಾಯನ ಕತೆ. ಕುಳ್ಳಗಿದ್ದ, ಮರ ಹತ್ತಿದ, ಯೇಸು ಸ್ವಾಮಿ ಕರೆದ, ಇಷ್ಟನ್ನು ಸಂಡೇ ಸ್ಕೂಲಿನಲ್ಲಿ ಹಾಡಿ ಕುಣಿದಿದ್ದೀರಿ. ಕುಣಿತದಲ್ಲಿ ಬಿಟ್ಟುಹೋದ ಭಾಗವೇ ಮುಖ್ಯ. ಅವನು ಯೆರಿಕೋದಲ್ಲಿ ಸುಂಕ ವಸೂಲಿ ಮಾಡುವವರ ಮುಖ್ಯಸ್ಥ. ರೋಮಿನವರ ಪರವಾಗಿ ತನ್ನ ಜನರನ್ನೇ ಹಿಂಡಿ ಹಣ ಮಾಡಿದವನು. ಅವನು ಎದ್ದು ನಿಂತು, ಯಾರಿಂದಲಾದರೂ ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅನ್ನುತ್ತಾನೆ. ನಾಲ್ಕು ಎಲ್ಲಿಂದ ಬಂತು? ತಾನಾಗಿ ಒಪ್ಪಿಕೊಂಡವನಿಗೆ ಐದರಲ್ಲೊಂದು ಪಾಲು ಸಾಕಾಗಿತ್ತು. ನಾಲ್ಕರಷ್ಟು ಎಂಬುದು ವಿಮೋಚನಕಾಂಡದಲ್ಲಿ ಕುರಿ ಕದ್ದು ಕೊಯ್ದವನಿಗೆ ವಿಧಿಸಿದ ದಂಡ. ಕಡಿಮೆ ದಂಡ ಕೈಗೆಟುಕುವಂತಿದ್ದರೂ ಜಕ್ಕಾಯ ಕುರಿಗಳ್ಳನ ದಂಡವನ್ನು ತನ್ನ ತಲೆಗೆ ಎಳೆದುಕೊಂಡ. ಇನ್ನೊಂದನ್ನೂ ಗಮನಿಸಿ. ಯೇಸು ಸ್ವಾಮಿ ಅವನಿಂದ ಒಂದು ಕಾಸೂ ಕೇಳಲಿಲ್ಲ. ಲೆಕ್ಕ ಒಪ್ಪಿಸು, ಆಮೇಲೆ ನಿನ್ನ ಮನೆಗೆ ಬರುತ್ತೇನೆ ಅನ್ನಲಿಲ್ಲ. ಮೊದಲು ಮನೆಗೆ ಬರುತ್ತೇನೆಂದ. ಊರೆಲ್ಲ ಹೊಸ್ತಿಲು ತುಳಿಯದ ಮನೆಗೆ ಅತಿಥಿಯಾಗಿ ಬಂದ. ಪ್ರೀತಿ ಮೊದಲು ಬಂತು, ಹಣ ಹಿಂದಿನಿಂದ ತಾನಾಗಿ ಹೊರಟಿತು. ಇದನ್ನು ತಲೆಕೆಳಗು ಮಾಡಿಕೊಳ್ಳಬೇಡಿ. ನಾವು ತಿರುಗಿ ಹೋಗುವುದು ದೇವರು ನಮ್ಮನ್ನು ಪ್ರೀತಿಸಲಿ ಎಂದಲ್ಲ, ಆತ ಆಗಲೇ ನಮ್ಮ ಮನೆಯಲ್ಲಿ ಕೂತಿದ್ದಾನೆ ಎಂದು.

ಇನ್ನು ನನ್ನ ತಪ್ಪು.

1988ರ ಜುಲೈ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಎಂಟನೆಯ ತರಗತಿಗೆ ಕ್ಲಾಸ್ ಟೀಚರ್. ಎಂಟು ಮಕ್ಕಳಿಂದ ಐದೈದು ರೂಪಾಯಿ ಫೀ ವಸೂಲಾಗಿ 40 ರೂಪಾಯಿ ಹಾಜರಿ ಪುಸ್ತಕದೊಳಗೆ ಇಟ್ಟಿದ್ದೆ. ಮಧ್ಯಾಹ್ನ ನೋಡಿದರೆ ಹಣ ಇಲ್ಲ. ಆ ಪುಸ್ತಕವನ್ನು ಸ್ಟಾಫ್ ರೂಮಿಗೆ ತಂದಿಟ್ಟವನು ಕೊನೆಯ ಬೆಂಚಿನ ಒಬ್ಬ ಹುಡುಗ. ಅವನ ಅಂಗಿ ಹರಿದಿತ್ತು. ಮನೆಗೆಲಸ ಮಾಡಿ ತರುತ್ತಿರಲಿಲ್ಲ. ನನಗೆ ಅಷ್ಟು ಸಾಕ್ಷಿ ಸಾಕಾಯಿತು. ಇಡೀ ತರಗತಿಯ ಮುಂದೆ ನಿಲ್ಲಿಸಿ ಕೇಳಿದೆ. ಅವನು ಇಲ್ಲ ಅಂದ. ಜೇಬು ತೆಗೆಸಿ ನೋಡಿದೆ. ಏನೂ ಇರಲಿಲ್ಲ. ಏನೂ ಇರದದ್ದೇ ಅವನು ಜಾಣ ಕಳ್ಳ ಎಂಬುದಕ್ಕೆ ಗುರುತಾಗಿ ಕಂಡಿತು. ಅವನ ತಂದೆಗೆ ಚೀಟಿ ಬರೆದು ಕಳಿಸಿದೆ. ಮಾರನೆಯ ದಿನದಿಂದ ಅವನು ಶಾಲೆಗೆ ಬರಲಿಲ್ಲ. ಫೀಯ 40 ರೂಪಾಯಿಯನ್ನು ನನ್ನ ಕೈಯಿಂದ ಹಾಕಿ ಕಟ್ಟಿದೆ. ನನ್ನ ಔದಾರ್ಯದ ಬಗ್ಗೆ ನನಗೇ ಮೆಚ್ಚುಗೆಯಾಗಿತ್ತು.

ಮಾರ್ಚಿನಲ್ಲಿ ವರ್ಷದ ಲೆಕ್ಕ ಮುಗಿಸುವಾಗ ಹಾಜರಿ ಪುಸ್ತಕದ ಖಾಕಿ ಹೊದಿಕೆ ಬಿಚ್ಚಿದೆ. ರಟ್ಟಿಗೂ ಹೊದಿಕೆಗೂ ನಡುವೆ ಹತ್ತರ ಎರಡು, ಐದರ ನಾಲ್ಕು ನೋಟುಗಳು ಮಡಿಕೆ ಮುರಿಯದೆ ಕೂತಿದ್ದವು.

ಆಗ ನಾನು ಏನು ಮಾಡಿದೆ ಗೊತ್ತೇ? ನೋಟುಗಳನ್ನು ಪರ್ಸಿಗೆ ಹಾಕಿಕೊಂಡೆ. ನಾನೇ ಕಟ್ಟಿದ್ದ ಹಣವಾದ್ದರಿಂದ ಅದು ನನ್ನದೇ. ಶಾಲೆಗೆ ನಷ್ಟವಿಲ್ಲ, ಮಕ್ಕಳಿಗೆ ನಷ್ಟವಿಲ್ಲ, ನನಗೂ ಇಲ್ಲ. ಲೆಕ್ಕ ಸರಿಹೋಗಿತ್ತು. ಗಣಿತದ ಟೀಚರ್ ಆದ ನಾನು ಒಂದು ಸಂಖ್ಯೆಯನ್ನು ಎಣಿಕೆಗೇ ತೆಗೆದುಕೊಳ್ಳಲಿಲ್ಲ. ಆ ರಾತ್ರಿ ಅತ್ತು ಪ್ರಾರ್ಥನೆ ಮಾಡಿದೆ, ನಿಜ. ದೇವರು ಕ್ಷಮಿಸಿದ ಎಂಬ ಸಮಾಧಾನವೂ ಬಂತು. ಆ ಸಮಾಧಾನವನ್ನು ಹೊದ್ದುಕೊಂಡು 36 ವರ್ಷ ಮಲಗಿದೆ. ಅಷ್ಟೂ ವರ್ಷ ಸಂಡೇ ಸ್ಕೂಲಿನಲ್ಲಿ ಜಕ್ಕಾಯನ ಹಾಡು ಹೇಳಿಕೊಡುತ್ತಿದ್ದೆ.

ಬೆಟ್ಟದ ಮೇಲಿನ ಪ್ರಸಂಗದಲ್ಲಿ ಯೇಸು ಸ್ವಾಮಿ ಹೇಳುವ ಒಂದು ಸಂಗತಿಯಿದೆ. ಕಾಣಿಕೆ ಹಿಡಿದು ಬಲಿಪೀಠದ ಹತ್ತಿರ ಬಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗಬೇಕು. ಇದನ್ನು ಓದುವಾಗ ನಾವು ನಮ್ಮ ಚರ್ಚನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇವೆ. ಹಿಂದಿನ ಬೆಂಚಿಗೆ ಹೋಗಿ ಕೈಮುಗಿದು ಬಂದರೆ ಮುಗಿಯಿತು ಅನಿಸುತ್ತದೆ. ಆದರೆ ಆತ ಮಾತಾಡುತ್ತಿದ್ದದ್ದು ಗಲಿಲಾಯದ ಜನರ ಮುಂದೆ. ಬಲಿಪೀಠ ಇದ್ದದ್ದು ಯೆರೂಸಲೇಮಿನಲ್ಲಿ, ನೂರು ಕಿಲೋಮೀಟರಿಗಿಂತ ದೂರ. ಹುಬ್ಬಳ್ಳಿಯಿಂದ ಬೆಳಗಾವಿಗೆ ನಡೆದು ಹೋದಷ್ಟು ಅನ್ನಿ. ಅಷ್ಟು ದೂರ ನಡೆದು ಬಂದು ಸಾಲಿನಲ್ಲಿ ನಿಂತವನಿಗೆ ಊರಿನಲ್ಲಿ ಜಗಳವಾಡಿದ ತಮ್ಮ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮತ್ತೆ ಅಷ್ಟೂ ದಾರಿ ಹಿಂದಕ್ಕೆ ನಡೆಯಬೇಕು. ಹೋಗಿ ಬರಲು ಒಂದು ವಾರವಾದರೂ ಬೇಕು. ಕೇಳುತ್ತ ಕೂತಿದ್ದ ರೈತರಿಗೂ ಮೀನುಗಾರರಿಗೂ ಆ ದೂರ ಕಾಲಿನಲ್ಲೇ ಗೊತ್ತಿತ್ತು. ಇನ್ನೊಂದು ಸೂಕ್ಷ್ಮ ಅಲ್ಲಿದೆ. ನಿನಗೆ ಅವನ ಮೇಲೆ ಸಿಟ್ಟಿದ್ದರೆ ಎಂದು ಅಲ್ಲ, ಅವನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಎಂದು. ನನ್ನ ಮನಸ್ಸು ತಣ್ಣಗಾಗಿದೆ ಎಂಬುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು, ವಿಶೇಷವಾಗಿ ಹೆಣ್ಣುಮಕ್ಕಳಿಗೆ. ತಿರುಗಿ ಹೋಗಬೇಕಾದವರು ತಪ್ಪು ಮಾಡಿದವರು, ಪೆಟ್ಟು ತಿಂದವರಲ್ಲ. ಹೊಡೆಯುವ ಗಂಡನ ಮನೆಗೆ ‘ಕ್ಷಮಿಸಿ ವಾಪಸ್ ಹೋಗು’ ಎಂದು ಮಗಳನ್ನು ಕಳಿಸಿದ ಹಿರಿಯರನ್ನು ನಾನು ನಮ್ಮ ಸಭೆಗಳಲ್ಲೇ ನೋಡಿದ್ದೇನೆ. ಕೈಯಲ್ಲಿ ಸತ್ಯವೇದ ಹಿಡಿದುಕೊಂಡೇ ಕಳಿಸಿದರು. ಅದು ಸುವಾರ್ತೆಯಲ್ಲ. ಮರ ಇಳಿದು ಹಿಂದಿರುಗಿಸುತ್ತೇನೆಂದವನು ಜಕ್ಕಾಯ. ಅವನು ಹಿಂಡಿದವರನ್ನು ಯಾರೂ ಮೆರವಣಿಗೆಯಲ್ಲಿ ಅವನ ಮನೆಗೆ ಕರೆತರಲಿಲ್ಲ. ಯಾರಾದರೂ ನಿಮ್ಮನ್ನು ನೋಯಿಸಿದ್ದರೆ, ಮೈ ಮುಟ್ಟಬಾರದ ರೀತಿಯಲ್ಲಿ ಮುಟ್ಟಿದ್ದರೆ, ಅವರ ಹತ್ತಿರ ಹೋಗುವ ಯಾವ ಋಣವೂ ನಿಮಗಿಲ್ಲ. ನನ್ನ ಹತ್ತಿರ ಬನ್ನಿ, ಇಲ್ಲವೇ ನೀವು ನಂಬುವ ಇನ್ನೊಬ್ಬ ದೊಡ್ಡವರ ಹತ್ತಿರ ಹೋಗಿ. ಎಷ್ಟು ಹೊತ್ತಿಗಾದರೂ ಸರಿ.

ಕಳೆದ ಡಿಸೆಂಬರಿನಲ್ಲಿ ನಾನು ಹೋದೆ. ಅದೇ ಬ್ಯಾಚಿನ ಒಬ್ಬ ವಿದ್ಯಾರ್ಥಿ ಸಿಕ್ಕಾಗ ಮಾತಿಗೆ ಮಾತು ಬಂದು ಆ ಹುಡುಗನ ಸುದ್ದಿ ತಿಳಿಯಿತು. ಪಕ್ಕದ ತಾಲೂಕಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನಂತೆ. ಆ ರಾತ್ರಿ ಒಂದು ಲಕೋಟೆಯಲ್ಲಿ 48 ರೂಪಾಯಿ ಹಾಕಿದೆ. ನಲವತ್ತು, ಅದರ ಮೇಲೆ ಐದರಲ್ಲೊಂದು ಪಾಲು ಎಂಟು. ಕ್ರಿಸ್ಮಸ್ಸಿಗೆ ಮಾಡಿದ ಕರ್ಚಿಕಾಯಿ ಒಂದು ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡೆ. ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ.

ಮನೆಯ ಮುಂಭಾಗದಲ್ಲೇ ಅಂಗಡಿ. ತಲೆ ನರೆತ ಮನುಷ್ಯನೊಬ್ಬ ಗೇಟಿನ ಸರಳು ಕೊಯ್ಯುತ್ತಿದ್ದ. ಹೆಸರು ಹೇಳಿದ ಕೂಡಲೇ ಗುರುತು ಹಿಡಿದ. ‘ಬರ್ರಿ ಟೀಚರ್, ಒಳಗ ಬರ್ರಿ’ ಎಂದು ಕುರ್ಚಿ ಒರೆಸಿ ಹಾಕಿದ. ನಾನು ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಹೊದಿಕೆಯೊಳಗೆ ಹಣ ಸಿಕ್ಕಿದ್ದು, ಆ ವರ್ಷವೇ ಸಿಕ್ಕಿದ್ದು, ನಾನು ಬಾಯಿ ಮುಚ್ಚಿಕೊಂಡದ್ದು. ಅವನು ನೆಲ ನೋಡುತ್ತ ‘ನನಗ ಅದೆಲ್ಲಾ ನೆನಪಿಲ್ರೀ. ಬಿಡ್ರಿ ಅದನ್ನ’ ಅಂದ.

ಒಳಗಿನ ಬಾಗಿಲಲ್ಲಿ ಅವನ ತಾಯಿ ನಿಂತಿದ್ದಳು. ಎಂಬತ್ತರ ಮೇಲೆ ವಯಸ್ಸು. ‘ಅವಗ ನೆನಪಿಲ್ಲ ಅಂತಾನ. ನಾ ಮರ್ತಿಲ್ಲ ಅಕ್ಕೋರ’ ಅಂದಳು. ‘ಅವತ್ತ ರಾತ್ರಿ ಅವರಪ್ಪ ಬಾರಕೋಲ ತೊಗೊಂಡು ಹೊಡದ್ರು. ಆಮ್ಯಾಲೆ ಕಿರಾಣಿ ಅಂಗಡಿ ಇಟ್ರು. ಸಾಯೂತನಕ ಗಲ್ಲೇದ ಕೀಲಿಕೈ ಇವನ ಕೈಯಾಗ ಕೊಡಲಿಲ್ಲ.’

ಚೀಲದೊಳಗಿನ ಲಕೋಟೆಯ ಮೇಲೆ ಇಟ್ಟ ನನ್ನ ಕೈ ಅಲ್ಲೇ ಉಳಿಯಿತು. ನಲವತ್ತೆಂಟು ರೂಪಾಯಿ! ಗಲ್ಲೆಯ ಕೀಲಿಕೈಗೆ ಐದರಲ್ಲೊಂದು ಪಾಲು ಎಷ್ಟಾಗುತ್ತದೆ? ಮಗ ಕಳ್ಳನೆಂದೇ ನಂಬಿಕೊಂಡು ಸತ್ತ ಒಬ್ಬ ತಂದೆಗೆ ಯಾವ ನೋಟು ಕೊಟ್ಟು ಬರಬೇಕು? ನಾನು ಆಕೆಯನ್ನೇ ಕೇಳಿದೆ, ಈಗ ಏನು ಮಾಡಲಿ ಎಂದು. ಆಕೆ ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಹಾರ ಹಾಕಿದ ಫೋಟೋ ಇತ್ತು. ‘ಅವರ ಮುಂದ ಹೇಳ್ರಿ.’

ತೀರಿಕೊಂಡವರ ಜತೆ ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಆ ಮಾತು ಆ ಗೋಡೆಗೆ ಬೇಕಿತ್ತು. ಆ ತಾಯಿಯ ಕಿವಿಗೆ ಬೇಕಿತ್ತು. ಬೆನ್ನು ತಿರುಗಿಸಿ ಬಾಗಿಲಲ್ಲಿ ನಿಂತಿದ್ದ ಆ ಮಗನ ಕಿವಿಗೆ ಎಲ್ಲಕ್ಕಿಂತ ಹೆಚ್ಚು ಬೇಕಿತ್ತು. ನಾನು ಫೋಟೋದ ಮುಂದೆ ನಿಂತು ಹೇಳಿದೆ: ‘ನಿಮ್ಮ ಮಗ ಕದಿಯಲಿಲ್ಲ. ಹಣ ನನ್ನ ಪುಸ್ತಕದಲ್ಲೇ ಇತ್ತು. ತಪ್ಪು ನನ್ನದು.’ ಗಟ್ಟಿಯಾಗಿ ಹೇಳಿದೆ. ಯಾರೂ ಏನೂ ಅನ್ನಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವನು ತಿರುಗದೆಯೇ ‘ಚಾ ಕುಡೀತೀರೇನ್ರಿ?’ ಎಂದು ಕೇಳಿದ.

ಅವನು ನನ್ನನ್ನು ಕ್ಷಮಿಸಿದನೇ? ಗೊತ್ತಿಲ್ಲ, ಕೇಳಲೂ ಇಲ್ಲ. ಕ್ಷಮೆ ಅವನ ಗಲ್ಲೆಯಲ್ಲಿರುವುದು. ಅದರ ಕೀಲಿಕೈ ಕೊಡು ಎಂದು ಕೇಳುವ ಹಕ್ಕು ನನಗಿಲ್ಲ. ಲಕೋಟೆಯನ್ನು ಹಾಗೇ ವಾಪಸ್ ತಂದೆ. ನನ್ನ ಸತ್ಯವೇದದಲ್ಲಿ ಲೂಕನ 19ನೆಯ ಅಧ್ಯಾಯದ ಹತ್ತಿರ ಈಗಲೂ ಇದೆ. ಡಬ್ಬಿ ಅವರ ಮನೆಯಲ್ಲಿ ಉಳಿದಿದೆ.

ಮಕ್ಕಳೇ, ಇದನ್ನು ನಿಮಗೆ ಹೇಳುತ್ತಿರುವುದು ನೀವು ಇನ್ನೂ ಹದಿನೈದು ಹದಿನಾರರ ವಯಸ್ಸಿನಲ್ಲಿದ್ದೀರಿ ಎಂದು. ನಿಮ್ಮ ದಾರಿ ಇನ್ನೂ ಹತ್ತಿರದ್ದು. ನಾನು ಆ ಮಾರ್ಚಿನಲ್ಲೇ ಹೋಗಿದ್ದರೆ ನಾಲ್ಕು ಓಣಿ ದಾಟಿದರೆ ಸಾಕಿತ್ತು. ಆ ತಂದೆ ಬದುಕಿದ್ದ. ಹುಡುಗ ಮತ್ತೆ ಶಾಲೆಗೆ ಬರುತ್ತಿದ್ದನೋ ಏನೋ. ಒಂದೊಂದು ವರ್ಷ ತಡೆದಂತೆ ದಾರಿ ಉದ್ದವಾಗುತ್ತ ಹೋಯಿತು, ಸಾಲಕ್ಕೆ ಬಡ್ಡಿ ಬೆಳೆದ ಹಾಗೆ.

ನಿಮ್ಮ ಪ್ರಪಂಚದಲ್ಲಿ ಇದು ಬೇರೆ ವೇಷದಲ್ಲಿ ಬರುತ್ತದೆ. ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಹುಡುಗಿಯ ಬಗ್ಗೆ ಏನೋ ಹಾಕಿರುತ್ತೀರಿ. ಆಮೇಲೆ ಬೇಜಾರಾಗಿ ಅವಳಿಗೊಬ್ಬಳಿಗೇ ‘ಸಾರಿ’ ಎಂದು ಕಳಿಸುತ್ತೀರಿ. ಎಂಬತ್ತು ಜನರ ಮುಂದೆ ಕಿತ್ತುಕೊಂಡದ್ದನ್ನು ಕತ್ತಲೆಯಲ್ಲಿ ಒಬ್ಬಳ ಕೈಗಿಟ್ಟರೆ ಅದು ವಾಪಸ್ ಕೊಟ್ಟಂತಾಗಲಿಲ್ಲ. ಎಲ್ಲಿ ಹಾಕಿದ್ದಿರೋ ಅಲ್ಲೇ, ಅಷ್ಟೇ ಜನರ ಮುಂದೆ, ನಾನು ಹಾಕಿದ್ದು ಸುಳ್ಳು ಎಂದು ಬರೆಯಬೇಕು. ನಾನು ತರಗತಿಯ ಮುಂದೆ ಜೇಬು ತೆಗೆಸಿದವಳು. ಅದಕ್ಕೇ ಈ ಪತ್ರ ಸಭೆಯ ಮುಂದೆ. ಗೆಳೆಯನ ಪ್ರಾಜೆಕ್ಟ್ ನಕಲು ಮಾಡಿ ಅವನಿಗಿಂತ ಹೆಚ್ಚು ಅಂಕ ತೆಗೆದುಕೊಂಡಿದ್ದರೆ ಟೀಚರ್ ಹತ್ತಿರ ಹೋಗಬೇಕು. ಅಂಗಡಿಯವನು ಲೆಕ್ಕ ತಪ್ಪಿ ಹೆಚ್ಚು ಚಿಲ್ಲರೆ ಕೊಟ್ಟಿದ್ದರೆ ಅದು ದೇವರ ಆಶೀರ್ವಾದ ಅಲ್ಲ. ಸಂಜೆ ಅವನು ಗಲ್ಲೆ ಎಣಿಸುವಾಗ ಅವನ ಕೈಕೆಳಗಿನ ಹುಡುಗ ಬೈಸಿಕೊಳ್ಳುತ್ತಾನೆ. ಮನೆಯಲ್ಲಿ ಅಜ್ಜಿಗೆ ಎದುರುತ್ತರ ಕೊಟ್ಟಿದ್ದರೆ ಆ ದಾರಿ ಇನ್ನೂ ಹತ್ತಿರ, ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ. ಆದರೆ ಅದೇ ಎಷ್ಟೋ ಸಲ ಯೆರೂಸಲೇಮಿನಿಂದ ಗಲಿಲಾಯಕ್ಕಿಂತ ದೂರ ಅನಿಸುತ್ತದೆ, ನನಗೆ ಗೊತ್ತು.

ಒಳ್ಳೆಯತನ ನಮ್ಮ ಸಭೆಯ ಗೋಡೆಯೊಳಗೆ ಮಾತ್ರ ಇದೆ ಎಂದುಕೊಳ್ಳಬೇಡಿ. ವಿಜಯದಶಮಿಯ ಸಂಜೆ ನಮ್ಮ ಓಣಿಯನ್ನು ನೋಡಿದ್ದೀರಲ್ಲ? ಬನ್ನಿ ಎಲೆ ಹಿಡಿದು ಮನೆಮನೆಗೆ ಬರುತ್ತಾರೆ. ‘ಬನ್ನಿ ತಗೊಂಡು ಬಂಗಾರದಂಗ ಇರೋಣು’ ಅನ್ನುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಅಂದು ಹೊಸ್ತಿಲು ದಾಟಿ ಹೋಗಿ ಎಲೆ ಕೊಡುತ್ತಾರೆ, ಹಿರಿಯರ ಕಾಲು ಮುಟ್ಟುತ್ತಾರೆ. ನನ್ನ ತಂದೆಯ ಜತೆ ಗೋಡೆಯ ವಿಷಯಕ್ಕೆ ಮುನಿಸಿಕೊಂಡಿದ್ದ ಪಕ್ಕದ ಮನೆಯವರು ಒಂದು ದಸರೆಗೆ ಹಾಗೆ ಬಂದಿದ್ದರು. ಅಪ್ಪ ಎಲೆ ತೆಗೆದುಕೊಂಡು ಸತ್ಯವೇದದೊಳಗೆ ಇಟ್ಟರು. ಅದು ಒಣಗಿ ಪುಡಿಯಾಗುವ ತನಕ ಅಲ್ಲೇ ಇತ್ತು. ನಮ್ಮ ಕಥೋಲಿಕ ನೆರೆಯವರ ಪಾಪನಿವೇದನೆಯಲ್ಲೂ ಕದ್ದದ್ದನ್ನು ಹಿಂದಿರುಗಿಸಬೇಕು ಎಂಬ ಶಿಸ್ತು ಇದೆ. ನಾವು ನಿವೇದನೆಯ ಆ ಪೆಟ್ಟಿಗೆಯಂಥ ಕೋಣೆಯನ್ನು ಬಿಟ್ಟು ಬಂದವರು. ಬಿಡುವಾಗ ಈ ಶಿಸ್ತನ್ನೂ ಅಲ್ಲೇ ಬಿಟ್ಟು ಬಂದೆವೋ ಎಂದು ನನಗೆ ಒಮ್ಮೊಮ್ಮೆ ಭಯವಾಗುತ್ತದೆ.

ಗರಿಗಳ ಭಾನುವಾರದ ಹಿಂದಿನ ದಿನ, ಶನಿವಾರ ಸಂಜೆ ಐದರಿಂದ ಏಳರವರೆಗೆ ನಮ್ಮ ಕೊನೆಯ ಕ್ಲಾಸು ಇತ್ತು. ಹಾಡಿನ ಅಭ್ಯಾಸ, ಮುಂದೆ ಬಂದು ನಿಲ್ಲುವ ಅಭ್ಯಾಸ. ಅದನ್ನು ಶುಕ್ರವಾರಕ್ಕೆ ಹಾಕಿದ್ದೇನೆ. ಅಯ್ಯನವರಿಗೂ ಹೇಳಿದ್ದೇನೆ, ಅವರೂ ಒಪ್ಪಿದ್ದಾರೆ. ಶನಿವಾರದ ಆ ಎರಡು ತಾಸು ನಿಮ್ಮದು. ತಂದೆತಾಯಂದಿರು ಆ ಹೊತ್ತಿನಲ್ಲಿ ಮಕ್ಕಳಿಗೆ ಬೇರೆ ಕೆಲಸ ಹಚ್ಚಬಾರದು ಎಂದು ಕೇಳಿಕೊಳ್ಳುತ್ತೇನೆ. ಅವರಿಗೂ ಎಲ್ಲಿಗಾದರೂ ಹೋಗಬೇಕೆನಿಸಿದರೆ ಹೋಗಿಬರಲಿ.

ಎಲ್ಲಿಗೆ ಹೋಗಬೇಕೋ ಹೋಗಿ ಬನ್ನಿ. ಬಸ್ಸಿನ ಖರ್ಚು ಬೇಕಾದವರು ಶುಕ್ರವಾರ ನನ್ನ ಹತ್ತಿರ ತೆಗೆದುಕೊಳ್ಳಿ. ಯಾರ ಮನೆಗೆ ಹೋಗಿದ್ದಿರಿ, ಏನಾಯಿತು ಎಂದು ಭಾನುವಾರ ನಾನು ಕೇಳುವುದಿಲ್ಲ.

ನಿಮ್ಮ ಪ್ರೀತಿಯ,
ಸಂಡೇ ಸ್ಕೂಲ್ ಟೀಚರ್